ಹದಿನೇಳು ಹಿತ್ತಾಳೆ ಪಟ್ಟಿಗಳು

ಜೀವಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾನು ಎರಡನೇ ಸಲ ಫೇಲಾದ ದಿನ ಅಪ್ಪ ಬಯ್ಯಲಿಲ್ಲ. ಊದುಗೊಳವೆಯನ್ನು ಬಾಯಿಂದ ತೆಗೆದು, "ಥಿಯರೀಲಿ ಎಷ್ಟು ಬಂತು?" ಎಂದು ಕೇಳಿದ.

"ಎಂಬತ್ತೆರಡು."

"ಪ್ರಾಕ್ಟಿಕಲ್ಲಲ್ಲಿ?"

"ಐವತ್ತಕ್ಕೆ ಆರು."

ಅಪ್ಪ ಇಕ್ಕಳದಿಂದ ಕುಲುಮೆಯ ಕೆಂಡ ಕೆದಕಿದ. "ಅದೇ ತಲೆ, ಅದೇ ಕೈ. ಅಲ್ಲಿ ಎಂಬತ್ತೆರಡು, ಇಲ್ಲಿ ಆರು ಅಂದ್ರೆ ತಪ್ಪು ತಲೇದಲ್ಲ ಬಿಡು," ಎಂದು ಮತ್ತೆ ಕೊಳವೆ ಬಾಯಿಗಿಟ್ಟುಕೊಂಡ.

ತಪ್ಪು ಎಲ್ಲಿದೆ ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮೂರಲ್ಲಿ ಗಾಜಿನಾಚೆ ಏನೂ ಕಾಣುವುದಿಲ್ಲ. ಹೊಳೆಯ ಸೇತುವೆ ದಾಟಿ ಈಚೆ ಬಂದ ಕೂಡಲೇ ಗಾಜು ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಆಚೆ ಹೋದರೆ ಮತ್ತೆ ತಿಳಿಯಾಗುತ್ತದೆ. ಪ್ಲಾಸ್ಟಿಕ್ಕಿಗೂ ಅಭ್ರಕಕ್ಕೂ ಇದೇ ಗತಿ. ಬಸ್ಸಿನವರು ಸೇತುವೆಯ ಮೊದಲೇ ನಿಲ್ಲಿಸಿ ಮುಂದಿನ ಗಾಜನ್ನು ಮೇಲಕ್ಕೆತ್ತಿ ಕಟ್ಟುತ್ತಾರೆ. ಡ್ರೈವರ್ ಮೂಗಿಗೆ ಟವೆಲ್ ಸುತ್ತಿಕೊಂಡು ಊರೊಳಗೆ ಬರುತ್ತಾನೆ. ಡಾಕ್ಟರು ಅಂಗೈ ಹಿಂಭಾಗವನ್ನು ಹಣೆಗಿಟ್ಟು ಜ್ವರ ಇಷ್ಟೇ ಡಿಗ್ರಿ ಎನ್ನುತ್ತಾರೆ. ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಮದುಮಗಳು ಉಜ್ಜಿದ ಹಿತ್ತಾಳೆ ತಟ್ಟೆಯಲ್ಲಿ ಮುಖ ನೋಡಿಕೊಳ್ಳುತ್ತಾಳೆ. ಕನ್ನಡಕ ಬೇಕಾದವರಿಗೆ ಅಕ್ಕಪಕ್ಕದವರು ಪತ್ರ ಓದಿ ಹೇಳುತ್ತಾರೆ. ಇದರಲ್ಲಿ ಯಾರಿಗೂ ಅಂಥ ತೊಂದರೆ ಇರಲಿಲ್ಲ. ಕಾಲೇಜಿನಲ್ಲೂ ರಸಾಯನಶಾಸ್ತ್ರದವರು ಪ್ರನಾಳ ಬಿಟ್ಟು ಪಿಂಗಾಣಿ ಬಟ್ಟಲಲ್ಲಿ ಪ್ರಯೋಗ ಮಾಡಿ ಪಾಸಾಗುತ್ತಿದ್ದರು. ಸಿಕ್ಕಿಹಾಕಿಕೊಂಡವರು ನಾವು, ಜೀವಶಾಸ್ತ್ರದವರು.

ನಮ್ಮ ಪ್ರಯೋಗಾಲಯ ದೊಡ್ಡದು. ಉದ್ದನೆಯ ಮೇಜುಗಳು, ಎತ್ತರದ ಕಿಟಕಿಗಳು, ಬೀರುವಿನಲ್ಲಿ ಹನ್ನೆರಡು ಮೈಕ್ರೋಸ್ಕೋಪು. ಅಟೆಂಡರ್ ದಸ್ತಗೀರಣ್ಣ ವಾರಕ್ಕೊಮ್ಮೆ ಅವುಗಳ ಧೂಳು ಒರೆಸಿ ಮತ್ತೆ ಮುಸುಕು ಹಾಕುತ್ತಿದ್ದ. ಅವುಗಳಲ್ಲಿ ಯಾರೂ ಏನನ್ನೂ ನೋಡಿರಲಿಲ್ಲ. ವಿಶ್ವವಿದ್ಯಾಲಯದ ಸಮಿತಿಯವರು ಸೇತುವೆಯಾಚೆಯ ಪ್ರವಾಸಿ ಬಂಗಲೆಯಲ್ಲೇ ಕೂತು, ಪಟ್ಟಿ ತರಿಸಿಕೊಂಡು, "ಮೈಕ್ರೋಸ್ಕೋಪು ಹನ್ನೆರಡು, ಸುಸ್ಥಿತಿ" ಎಂದು ಬರೆದು ಹೋಗುತ್ತಿದ್ದರು. ಅವುಗಳಲ್ಲಿ ಏನಾದರೂ ಕಾಣುತ್ತದೆಯೇ ಎಂಬ ಪ್ರಶ್ನೆ ಅವರ ನಮೂನೆಯಲ್ಲೇ ಇರಲಿಲ್ಲ. ನಮ್ಮ ಜಿನದತ್ತಯ್ಯ ಮೇಷ್ಟ್ರು ವರ್ಷಕ್ಕೊಂದು ಪತ್ರ ಬರೆದರು. ಉತ್ತರ ಬರಲಿಲ್ಲ.

ನಾವು ಪುಸ್ತಕದ ಚಿತ್ರಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ಜೀವಕೋಶವನ್ನು ಕಣ್ಣುಮುಚ್ಚಿ ಬರೆಯಬಲ್ಲವರಾಗಿದ್ದೆವು. ಆದರೆ ಪ್ರಾಕ್ಟಿಕಲ್ ಪರೀಕ್ಷೆ ನಡೆಯುವುದು ಆಚೆ, ವಿಶ್ವವಿದ್ಯಾಲಯದ ಊರಲ್ಲಿ. ಅಲ್ಲಿ ಗಾಜು ತಿಳಿಯಾಗಿರುತ್ತಿತ್ತು, ಮೈಕ್ರೋಸ್ಕೋಪಿನ ಮುಂದೆ ನಾವು ಮಾತ್ರ ಕುರುಡರಾಗಿರುತ್ತಿದ್ದೆವು. ಮೊದಲ ವರ್ಷ ನನಗೆ ಅದರೊಳಗೆ ಕಂಡದ್ದು ನನ್ನದೇ ರೆಪ್ಪೆಯ ಕೂದಲು. ಅದನ್ನು ಶಿಲೀಂಧ್ರದ ಎಳೆ ಎಂದು ಬರೆದು, ಭಾಗಗಳನ್ನು ಗುರುತಿಸಿ ಬಂದೆ. ಎರಡನೇ ವರ್ಷ ಕಪ್ಪು ಅಂಚಿನ ದುಂಡಗಿನದೊಂದು ಚೆನ್ನಾಗಿ ಕಂಡಿತು. ಖುಷಿಯಾಗಿ, ಅದರೊಳಗೆ ನೆನಪಿನಿಂದಲೇ ಒಂದು ಕೋಶಕೇಂದ್ರವನ್ನೂ ಇಟ್ಟೆ. ಪರೀಕ್ಷಕಿ ಡಾಕ್ಟರ್ ಫಿಲೋಮಿನಾ ನನ್ನ ಹಾಳೆ ನೋಡಿ ದಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಏನಮ್ಮಾ, ಗಾಳಿಗುಳ್ಳೆಗೆ ಕೋಶಕೇಂದ್ರ ಇರುತ್ತಾ? ನಿಮ್ಮೂರವರೆಲ್ಲ ಹೀಗೇನಾ?" ಎಂದರು. ಹಾಲಿನಲ್ಲಿದ್ದ ಬೇರೆ ಕಾಲೇಜಿನವರೆಲ್ಲ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಸಹಪಾಠಿ ತಿಪ್ಪೇಶಿ, "ನನಗೆ ನಾಲ್ಕು ಬರುತ್ತೆ ನೋಡು," ಎಂದ. ನಾಲ್ಕೇ ಬಂತು.

ಆ ಬೇಸಿಗೆಯಲ್ಲಿ ಪತ್ರ ಬಂತು. ಸೌಲಭ್ಯ ಸಮರ್ಪಕವಾಗಿದ್ದೂ ವಿದ್ಯಾರ್ಥಿಗಳ ಸಾಧನೆ ಕಳಪೆಯಾಗಿದೆ, ಮುಂದಿನ ಪರೀಕ್ಷೆಯಲ್ಲಿ ಅರ್ಧದಷ್ಟಾದರೂ ಪಾಸಾಗದಿದ್ದರೆ ಜೀವಶಾಸ್ತ್ರ ವಿಭಾಗವನ್ನು ಮುಚ್ಚಲಾಗುವುದು ಎಂದಿತ್ತು. ಜಿನದತ್ತಯ್ಯ ಮೇಷ್ಟ್ರು ಅದನ್ನು ನಮಗೆ ಓದಿ ಹೇಳಿದರು. 'ಕಳಪೆ' ಎಂಬ ಪದವನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷ ಪಾಠ ಮಾಡಿದ ಮನುಷ್ಯ. ಅವರು ಸಿಟ್ಟಾದದ್ದನ್ನು ನಾನು ಅದೇ ಮೊದಲು ನೋಡಿದ್ದು. "ಕಳಪೆ ಯಾರು ಅಂತ ಇವರಿಗೆ ಹೇಳೋರು ಯಾರಪ್ಪಾ!" ಎಂದು ಪತ್ರವನ್ನು ಮೇಜಿಗೆ ಬಡಿದರು. ನಾವು ಹದಿನೇಳು ಮಂದಿ ಇದ್ದೆವು. ವಿಭಾಗ ಮುಚ್ಚಿದರೆ ಹುಡುಗರು ಹೇಗೋ ಆಚೆ ಊರಿಗೆ ಹೋಗಿ ಓದಿಯಾರು. ನಮ್ಮಂಥ ಹೆಣ್ಣುಮಕ್ಕಳನ್ನು ಯಾರೂ ಅಷ್ಟು ದೂರ ಕಳಿಸುತ್ತಿರಲಿಲ್ಲ.

ನಾನು ಮನೆಯಲ್ಲೇ ಉಳಿದು ಅಪ್ಪನ ಅಂಗಡಿಯಲ್ಲಿ ಕೂರತೊಡಗಿದೆ. ಅಪ್ಪ, ಅಂದರೆ ಮೋನಪ್ಪಾಚಾರ್, ಮೂಗುತಿಗೆ ಹೆಸರಾದವನು. ಐವತ್ತು ದಾಟಿದ ಮೇಲೆ ಅವನಿಗೆ ಹತ್ತಿರದ್ದು ಮಸುಕಾಗಿತ್ತು. ಕನ್ನಡಕ ಇಲ್ಲದ ಊರಲ್ಲಿ ಅಕ್ಕಸಾಲಿಗರು ಆ ವಯಸ್ಸಿಗೆ ಕೆಲಸ ಬಿಡುತ್ತಾರೆ. ಅಪ್ಪ ಮಾತ್ರ ಬೆರಳ ತುದಿಯಲ್ಲೇ ಬೆಸುಗೆ ತಡವಿ ನೋಡಿಕೊಂಡು ನಡೆಸುತ್ತಿದ್ದ. ಒಂದು ಬೆಳಿಗ್ಗೆ ಚಿನ್ನದ ತಂತಿ ಎಳೆಯುವ ತೂತಿನ ತಟ್ಟೆಯನ್ನು ತೊಳೆದಿಡು ಎಂದ. ತೊಳೆದು, ಒಣಗಿತೇ ಎಂದು ಬಿಸಿಲಿಗೆ ಹಿಡಿದೆ. ಒಂದು ಸಣ್ಣ ತೂತಿನಲ್ಲಿ ನೀರಿನ ಹನಿ ಸಿಕ್ಕಿಕೊಂಡಿತ್ತು. ಊದಿ ಹಾರಿಸೋಣವೆಂದು ಬಾಯಿಯ ಹತ್ತಿರ ತಂದಾಗ ಹನಿಯ ಹಿಂದೆ ನನ್ನ ಹೆಬ್ಬೆರಳಿತ್ತು. ಹನಿಯೊಳಗೆ ಉತ್ತ ಹೊಲ ಕಂಡಿತು.

ಮೊದಲು ಏನೆಂದು ಅರ್ಥವಾಗಲಿಲ್ಲ. ಕಣ್ಣನ್ನು ತಟ್ಟೆಗೆ ಒತ್ತಿ ಬೆರಳನ್ನು ಹಿಂದೆ ಮುಂದೆ ಆಡಿಸಿದೆ. ಸಾಲು ಸಾಲಾಗಿ ಏರಿ ಇಳಿದ ದಿಣ್ಣೆಗಳು, ದಿಣ್ಣೆಯ ಮೇಲೆ ಸಣ್ಣ ಸಣ್ಣ ಬಾವಿಗಳು, ಬಾವಿಯ ಬಾಯಲ್ಲಿ ಹೊಳೆಯುವ ಬೆವರು. ಅದು ನನ್ನ ಹೆಬ್ಬೆರಳೇ ಆಗಿತ್ತು. ನಾನು ಚೀರಿದ್ದು ಕೇಳಿ ಅಪ್ಪ ಸುಟ್ಟುಕೊಂಡಳೆಂದು ಓಡಿಬಂದ.

"ನೋಡಪ್ಪಾ, ಇದರೊಳಗೆ ನೋಡು!"

ಅಪ್ಪ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ ಬೆಳಿಗ್ಗೆ ಮಾಡಿದ್ದ ಮೂಗುತಿ ತಂದು ಹನಿಯ ಹಿಂದೆ ಹಿಡಿದ. "ಥೂ, ಬೆಸುಗೆ ಬಿಟ್ಟಿದೆಯಲ್ಲೇ!" ಎಂದ. ನಾಲ್ಕು ವರ್ಷದಿಂದ ತಾನು ಮಾಡಿದ್ದನ್ನು ತಾನೇ ಕಾಣದಿದ್ದವನು ತನ್ನ ತಪ್ಪು ಕಂಡು ನಗುತ್ತಿದ್ದ.

ಗಾಜು ಬೆಳ್ಳಗಾಗುವ ಊರಲ್ಲಿ ನೀರು ತಿಳಿಯಾಗೇ ಇತ್ತು. ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಕಾಲೇಜಿಗೆ ಓಡಿದೆ.

ಜಿನದತ್ತಯ್ಯ ಮೇಷ್ಟ್ರು ತಟ್ಟೆಯನ್ನು ಕಣ್ಣಿಗೆ ಹಿಡಿಯುವಷ್ಟರಲ್ಲಿ ಹನಿ ಜಾರಿತು. ಮತ್ತೆ ಹಾಕಿದೆವು. ನೋಡುತ್ತಾ ನೋಡುತ್ತಾ ಅದು ಆರಿಹೋಯಿತು. "ನೀರು ನಿಲ್ಲಲ್ಲಮ್ಮ ಅಂಬುಜಾಕ್ಷಿ," ಎಂದರು ಸಪ್ಪಗೆ. ಬಾಗಿಲ ಬಳಿ ನಿಂತಿದ್ದ ದಸ್ತಗೀರಣ್ಣ ತನ್ನ ಒಡೆದ ಅಂಗೈ ನೋಡಿಕೊಂಡು, "ಸಾರ್, ಗ್ಲಿಸರಿನ್ ಆದ್ರೆ ಆರಲ್ಲ. ಚಳಿಗಾಲದಲ್ಲಿ ಕೈಗೆ ಹಚ್ಕೊಂಡ್ರೆ ಸಂಜೆತನಕ ಹಂಗೇ ಇರ್ತದೆ," ಎಂದ. ಬೀರುವಿನಲ್ಲಿ ಎರಡು ಸೀಸೆ ಗ್ಲಿಸರಿನ್ ಇತ್ತು. ಒಂದು ಹನಿ ಹಾಕಿದೆವು. ಅದು ನೀರಿಗಿಂತ ಚೆನ್ನಾಗಿ ತೋರಿಸಿತು, ಮಧ್ಯಾಹ್ನವಾದರೂ ಆರಲಿಲ್ಲ.

ತೂತಿನ ತಟ್ಟೆ ದಪ್ಪ, ಭಾರ. ಅಪ್ಪ ತೆಳ್ಳನೆಯ ಹಿತ್ತಾಳೆ ತಗಡಿನಿಂದ ಬೆರಳಗಲದ ಪಟ್ಟಿ ಕತ್ತರಿಸಿದ. ನಡುವೆ ಎಳ್ಳಿಗಿಂತ ಸಣ್ಣ ತೂತು ಕೊರೆದು, ಅಂಚಿನಲ್ಲಿ ಒಂದಿಷ್ಟೂ ಒರಟಿರದಂತೆ ನಯಮಾಡಿದ. ಅಂಚು ಒರಟಾದರೆ ಹನಿ ಸೊಟ್ಟಗೆ ಕೂರುತ್ತದೆ ಎಂದು ಮೂರನೇ ಪಟ್ಟಿಗೆ ಗೊತ್ತಾಯಿತು. ನೋಡಬೇಕಾದ ವಸ್ತುವಿಗೆ ಹಿಂದೆ ಇನ್ನೊಂದು ಪಟ್ಟಿ, ಅದಕ್ಕೂ ಒಂದು ದೊಡ್ಡ ತೂತು. ಆ ತೂತಿನ ಮೇಲೆ ಈರುಳ್ಳಿಯ ಪೊರೆಯನ್ನು ತಮಟೆಗೆ ಚರ್ಮ ಎಳೆದ ಹಾಗೆ ಎಳೆದು ಹಚ್ಚಬೇಕು. ಎರಡು ಪಟ್ಟಿಗಳ ಅಂತರ ಕೂದಲೆಳೆಯಷ್ಟು ತಪ್ಪಿದರೂ ಎಲ್ಲ ಮಸುಕು. ಆ ಅಂತರ ಸರಿಮಾಡುವುದು ಹೇಗೆಂದು ನಾವು ಮೂರು ದಿನ ಒದ್ದಾಡಿದೆವು. ಅಪ್ಪ ಕೊನೆಗೆ ಕಿವಿಯೋಲೆಯ ತಿರುಪೊಂದನ್ನು ಪಟ್ಟಿಗಳ ನಡುವೆ ಕೂರಿಸಿ, "ಈಗ ತಿರುಗಿಸಿ ನೋಡು," ಎಂದ.

ತಿರುಗಿಸಿದೆ. ಬೂದು ಬಣ್ಣದ ಮಂಜು. ಇನ್ನೊಂದು ಸುತ್ತು ತಿರುಗಿಸಿದೆ. ಮಂಜು ಸರಿದು ಗೋಡೆಗಳು ನಿಂತವು. ಉದ್ದುದ್ದ ಕೋಣೆಗಳು, ಒಂದಕ್ಕೊಂದು ತಾಗಿಕೊಂಡು, ಕಣ್ಣು ಹೋದಷ್ಟೂ ದೂರ. ಮೇಲೆ ಹಚ್ಚಿದ್ದ ಅಯೋಡಿನ್ ಕುಡಿದು ಪ್ರತಿ ಕೋಣೆಯ ಮೂಲೆಯಲ್ಲೊಂದು ಕಂದು ಬೊಟ್ಟು. ನಾನು ಸಾವಿರ ಸಲ ಬರೆದಿದ್ದ ಕೋಶಕೇಂದ್ರ. ಪುಸ್ತಕದಲ್ಲಿ ಅದು ಸದಾ ನಟ್ಟನಡುವೆ ಇರುತ್ತಿತ್ತು. ಇಲ್ಲಿ ಅದು ಗೋಡೆಗೆ ಒರಗಿಕೊಂಡಿತ್ತು. ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರಿಗೆ ಪಟ್ಟಿ ಕೊಟ್ಟೆ. ಅವರು ನೋಡಿದರು. ಹನಿಯಿಂದ ಕಣ್ಣು ತೆಗೆದಾಗ ಕೆನ್ನೆ ಒದ್ದೆಯಾಗಿತ್ತು. "ಕಾಲೇಜಲ್ಲಿ ಓದುವಾಗ ನೋಡಿದ್ದೆ ಕಣಮ್ಮ. ಆಮೇಲೆ ಇವತ್ತೇ," ಎಂದರು.

ಪರೀಕ್ಷೆಗೆ ಎರಡು ತಿಂಗಳಿತ್ತು. ಅಪ್ಪ ಅಂಗಡಿಯ ಕೆಲಸವನ್ನೆಲ್ಲ ಬದಿಗಿಟ್ಟು ಹದಿನೇಳು ಜೊತೆ ಪಟ್ಟಿ ಮಾಡಿಕೊಟ್ಟ. ನಾವು ಬೆಳಿಗ್ಗೆ ಆರಕ್ಕೆ ಪ್ರಯೋಗಾಲಯದ ಪೂರ್ವದ ಕಿಟಕಿಗಳ ಮುಂದೆ ಸಾಲಾಗಿ ನಿಂತು ಬಿಸಿಲಿಗೆ ಮುಖವೊಡ್ಡುತ್ತಿದ್ದೆವು. ತಿಪ್ಪೇಶಿಗೆ ಮೊದಲ ವಾರ ರೆಪ್ಪೆ ಬಿಟ್ಟು ಏನೂ ಕಾಣಲಿಲ್ಲ. "ನನ್ನ ಕಣ್ಣೇ ಸರಿಯಿಲ್ಲ ಬಿಡ್ರೋ, ನಾನು ಎಮ್ಮೆ ಕಾಯೋಕೆ ಲಾಯಕ್ಕು," ಎಂದು ಪಟ್ಟಿ ಮೇಜಿನ ಮೇಲೆ ಕುಕ್ಕಿ ಹೊರಟೇಬಿಟ್ಟ. ದಸ್ತಗೀರಣ್ಣ ಅವನನ್ನು ಮೆಟ್ಟಿಲ ಮೇಲೆ ಹಿಡಿದ. "ಸೂಜಿಗೆ ದಾರ ಪೋಣಿಸೋವಾಗ ಉಸಿರು ಬಿಡ್ತೀಯೇನೋ? ಹಿಡ್ಕೊಂಡು ನೋಡು," ಎಂದು ಕಿವಿಹಿಡಿದು ಕರೆತಂದ. ತಿಪ್ಪೇಶಿ ಉಸಿರು ಹಿಡಿದು ನೋಡಿದ. ಸ್ವಲ್ಪ ಹೊತ್ತಿಗೆ ಅವನ ಕೈ ತಾನಾಗಿ ಪೆನ್ಸಿಲ್ ಹುಡುಕತೊಡಗಿತು. ಆಮೇಲೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆದವನು ಅವನೇ. ಗಾಳಿಗುಳ್ಳೆ ಯಾವುದು, ಕೋಶ ಯಾವುದು ಎಂದು ಈಗ ನಾವು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೆರೆಯ ಪಾಚಿ, ದಾಸವಾಳದ ಪರಾಗ, ನಮ್ಮದೇ ಕೆನ್ನೆಯೊಳಗಿನ ಪೊರೆ, ಸಿಕ್ಕಿದ್ದನ್ನೆಲ್ಲ ನೋಡಿದೆವು.

ಪರೀಕ್ಷೆಯ ದಿನ ಸೇತುವೆಯಾಚೆ ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂತೆ. ಅದರ ತಿರುಪು ಕೈಗೆ ಹಳೆಯ ಪರಿಚಯದಂತಿತ್ತು. ಇಡೀ ಹಾಲಿನಲ್ಲಿ ಮೊದಲು ಎದ್ದು ಉತ್ತರಪತ್ರಿಕೆ ಕೊಟ್ಟವನು ತಿಪ್ಪೇಶಿ.

ಫಲಿತಾಂಶದ ಬದಲು ಮೂರು ವಾರಕ್ಕೆ ಪತ್ರ ಬಂತು. ನಮ್ಮ ಹದಿನೇಳು ಮಂದಿಗೂ ನಲವತ್ತರ ಮೇಲೆ ಅಂಕ ಬಂದಿದೆ, ಹಿಂದಿನ ಸಾಧನೆ ನೋಡಿದರೆ ಇದು ನಂಬುವಂಥದ್ದಲ್ಲ, ಸ್ಲೈಡುಗಳ ವಿವರ ಮೊದಲೇ ಬಯಲಾಗಿರಬೇಕೆಂಬ ಶಂಕೆಯಿದೆ, ವಿಚಾರಣೆ ಮುಗಿಯುವವರೆಗೆ ಫಲಿತಾಂಶ ತಡೆಹಿಡಿಯಲಾಗಿದೆ ಎಂದಿತ್ತು. ವಿಚಾರಣೆಗೆ ಬರುವವರು ಡಾಕ್ಟರ್ ಫಿಲೋಮಿನಾ. ಫೇಲಾದಾಗ ದಡ್ಡರು ಅಂದವರು ಪಾಸಾದಾಗ ಕಳ್ಳರು ಅನ್ನುತ್ತಿದ್ದರು. ಮೇಷ್ಟ್ರು ಮಾತ್ರ ಈ ಸಲ ಪತ್ರವನ್ನು ಮೇಜಿಗೆ ಬಡಿಯಲಿಲ್ಲ. ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, "ಬರಲಿ. ಸೇತುವೆ ದಾಟಿ ಬರ್ತಾರಲ್ಲ, ಅದೇ ಬೇಕಿತ್ತು ನನಗೆ," ಎಂದರು.

ಅವರು ಬೆಳಗಿನ ಬಸ್ಸಿಗೆ ಬಂದರು. ಸೇತುವೆ ದಾಟಿದ ಕೂಡಲೇ ಅವರ ದಪ್ಪ ಕನ್ನಡಕ ಬೆಳ್ಳಗಾಯಿತು. ಇಳಿಯುವಾಗ ಮೆಟ್ಟಿಲು ತಪ್ಪಿ, ದಸ್ತಗೀರಣ್ಣ ಕೈಹಿಡಿಯದಿದ್ದರೆ ಬಿದ್ದುಬಿಡುತ್ತಿದ್ದರು. ಕನ್ನಡಕ ತೆಗೆದರೆ ಅವರಿಗೆ ಮೊಳದಾಚೆ ಏನೂ ಕಾಣದು. ಕಾಲೇಜಿನವರೆಗೆ ದಸ್ತಗೀರಣ್ಣನ ತೋಳು ಹಿಡಿದೇ ನಡೆದರು. "ಇಲ್ಲೊಂದು ಚರಂಡಿ ಮೇಡಮ್ಮೋರೆ, ಕಾಲು ಎತ್ತಿ ಹಾಕಿ," "ಇಲ್ಲಿ ಎರಡು ಮೆಟ್ಲು," ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಿದ್ದ.

ಪ್ರಯೋಗಾಲಯದಲ್ಲಿ ಮೊದಲು ಬೀರುವಿನ ಹತ್ತಿರ ಹೋದರು. ಒಂದು ಮೈಕ್ರೋಸ್ಕೋಪನ್ನು ಹೊರತೆಗೆದು ಕಣ್ಣಿಟ್ಟರು. ಇನ್ನೊಂದು ತೆಗೆದರು. ಹನ್ನೆರಡನ್ನೂ ನೋಡಿದರು. "ಮೊದಲಿಂದ ಹೀಗೇನಾ?" ಎಂದು ಕೇಳಿದರು.

"ಮೊದಲಿಂದ," ಎಂದರು ಮೇಷ್ಟ್ರು.

"ಮತ್ತೆ ಇವರು ಅಭ್ಯಾಸ ಮಾಡಿದ್ದು ಹೇಗೆ? ಗಾಜೇ ಕುರುಡಾಗಿರೋ ಊರಲ್ಲಿ ಹದಿನೇಳು ಜನ ನಲವತ್ತರ ಮೇಲೆ ತಗೊಂಡಿದ್ದಾರೆ. ನನಗೆ ಕಥೆ ಬೇಡ ಸ್ವಾಮಿ, ತೋರಿಸಿ."

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಬೆಳಿಗ್ಗೆಯೇ ಕೆರೆಯಿಂದ ಮಡಕೆಯಲ್ಲಿ ಸಣ್ಣ ಮೀನು ತಂದಿಟ್ಟಿದ್ದೆ, ಬೆರಳುಗುರಿನಷ್ಟು ಉದ್ದದ್ದು. ಅದನ್ನು ಒದ್ದೆ ಹತ್ತಿಯಲ್ಲಿ ಸುತ್ತಿ, ಬಾಲ ಮಾತ್ರ ಹೊರಗಿರುವಂತೆ ಹಿಂದಿನ ಪಟ್ಟಿಗೆ ಹಿಡಿದೆ. ಮುಂದಿನ ಪಟ್ಟಿಗೆ ಹೊಸ ಹನಿ ಇಟ್ಟೆ. ಹನಿ ಎರಡು ಸಲ ಜಾರಿತು. ಮೂರನೇ ಸಲ ನಿಂತಿತು. "ಕಿಟಕಿ ಕಡೆ ತಿರುಗಿ ಮೇಡಂ. ಕಣ್ಣಿಗೆ ಒತ್ತಿ ಹಿಡ್ಕೊಳ್ಳಿ. ಇದು ತಿರುಪು, ನಿಧಾನವಾಗಿ ತಿರುಗಿಸಿ," ಎಂದೆ. ಎರಡು ವರ್ಷ ನನ್ನನ್ನು ಫೇಲು ಮಾಡಿದವರಿಗೆ ನೋಡುವುದು ಹೇಗೆಂದು ನಾನು ಹೇಳಿಕೊಡುತ್ತಿದ್ದೆ.

ಅವರು ತಿರುಗಿಸಿದರು. ಕೋಣೆಯಲ್ಲಿ ಹದಿನೇಳು ಮಂದಿಯೂ ಉಸಿರು ಹಿಡಿದಿದ್ದೆವು. ಅವರ ಬೆರಳು ತಿರುಪಿನ ಮೇಲೆ ನಿಂತಿತು.

"ಓ ದೇವರೇ," ಎಂದರು ಮೆಲ್ಲಗೆ. "ಹರೀತಿದೆ. ರಕ್ತ ಹರೀತಿದೆ. ಒಂದೊಂದೇ ಕಣ... ತಿರುವಿನಲ್ಲಿ ಒಂದರ ಹಿಂದೆ ಒಂದು ನುಗ್ಗಿಕೊಂಡು ಹೋಗ್ತಿವೆ." ಬಸ್ಸಿಳಿದಾಗಿನಿಂದ ಅವರಿಗೆ ಸ್ಪಷ್ಟವಾಗಿ ಕಂಡದ್ದು ಅದೊಂದೇ.

"ಮೀನು ಒಣಗುತ್ತೆ ಮೇಡಂ, ನೀರಿಗೆ ಬಿಡಬೇಕು," ಎಂದೆ ನಾನು.

"ಒಂದು ನಿಮಿಷ. ಇನ್ನೊಂದೇ ನಿಮಿಷ ತಾಳಮ್ಮ."

ಆಮೇಲೆ ಅವರು ಮೆಟ್ಟಿಲ ಪಕ್ಕದ ತೊಟ್ಟಿಯಿಂದ ತಾವೇ ಕೈಯಾಡಿಸಿ ಪಾಚಿ ತಂದು ನಮ್ಮೆಲ್ಲರ ಮುಂದಿಟ್ಟರು. ಹದಿನೇಳು ಮಂದಿ ಪಟ್ಟಿ ಹಿಡಿದು ಕಿಟಕಿಗೆ ನಿಂತೆವು. ನಮ್ಮ ಚಿತ್ರಗಳನ್ನು ಅವರು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದೊಂದಾಗಿ ನೋಡಿದರು, ಪಟ್ಟಿಯಲ್ಲಿ ತಾವೂ ನೋಡಿ ತಾಳೆ ಹಾಕಿದರು. ತಿಪ್ಪೇಶಿಯ ಹಾಳೆಯ ಮೇಲೆ ಬೆರಳಿಟ್ಟು, "ಇದೇನು, ಇಲ್ಲಿ ಬಾಲ ಇರೋದು? ಪುಸ್ತಕದಲ್ಲಿ ಇಲ್ಲವಲ್ಲ?" ಎಂದರು.

ತಿಪ್ಪೇಶಿ ತಬ್ಬಿಬ್ಬಾದ. ಆದರೂ, "ಪುಸ್ತಕದಲ್ಲಿಲ್ಲ ಮೇಡಂ. ಪಾಚಿ ನಡುವೆ ಓಡಾಡ್ತಿತ್ತು. ಕಂಡಿದ್ದನ್ನ ಬರೆದೆ," ಎಂದ.

ಫಿಲೋಮಿನಾ ಮೇಡಂ ಹಾಳೆ ಕೆಳಗಿಟ್ಟರು. "ಜಿನದತ್ತಯ್ಯನವರೇ, ಎರಡು ವರ್ಷ ಇವರಿಗೆ ಆರು, ನಾಲ್ಕು ಅಂತ ಅಂಕ ಹಾಕಿದವಳು ನಾನು. ಆ ಅಂಕ ಈ ಕೋಣೆಗೆ ಹಾಕಬೇಕಿತ್ತು, ಮಕ್ಕಳಿಗೆ ಹಾಕಿಬಿಟ್ಟೆ," ಎಂದರು. ನನ್ನ ಕಡೆ ತಿರುಗಿ, "ಗಾಳಿಗುಳ್ಳೆ ಹುಡುಗಿ ನೀನೇ ಅಲ್ವಾ?" ಎಂದು ಕೇಳಿದರು. ಹೌದೆಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮಪ್ಪನ್ನ ಕರೀಯಮ್ಮ. ನನಗೂ ಒಂದು ಜೊತೆ ಬೇಕು. ನಮ್ಮ ವಿದ್ಯಾರ್ಥಿಗಳಿಗೆ ತೋರಿಸ್ತೀನಿ."

ಅವರು ಸಂಜೆಯ ಬಸ್ಸಿಗೆ ಹೋದರು. ಹನ್ನೊಂದನೆಯ ದಿನ ಅದೇ ಬಸ್ಸಿನ ಕಂಡಕ್ಟರ್ ಸೇತುವೆಯ ಮೇಲಿಂದಲೇ ಪೇಪರ್ ಬೀಸುತ್ತಾ, "ಹದಿನೇಳಕ್ಕೆ ಹದಿನೇಳೂ!" ಎಂದು ಕೂಗಿಕೊಂಡು ಬಂದ. ಸಂತೆಯ ದಿನ ಅದು. ಇಡೀ ಸಂತೆ ಬಸ್ಸಿನ ಹಿಂದೆ ಓಡಿತು. ಅಪ್ಪ ಅಂಗಡಿಯ ಮುಂದೆ ನಿಂತು ಹೋಗಿಬರುವವರಿಗೆಲ್ಲ ಸಕ್ಕರೆ ಹಂಚಿದ. ಜಿನದತ್ತಯ್ಯ ಮೇಷ್ಟ್ರನ್ನು ತಿಪ್ಪೇಶಿ ಹೆಗಲ ಮೇಲೆ ಎತ್ತಿಕೊಂಡುಬಿಟ್ಟ. ಅವರು "ಇಳಿಸೋ, ಪಂಚೆ ಬಿಚ್ಚುತ್ತೆ ಕಣೋ," ಎಂದು ಕಿರುಚುತ್ತಲೇ ಕಾಲೇಜು ತಲುಪಿದರು. ವಿಭಾಗ ಮುಂದುವರಿಯಲಿದೆ, ಮುಂದಿನ ವರ್ಷದಿಂದ ನಮ್ಮೂರಿನ ಪ್ರಾಕ್ಟಿಕಲ್ ಪರೀಕ್ಷೆ ನಮ್ಮ ಪ್ರಯೋಗಾಲಯದಲ್ಲಿ, ನಮ್ಮ ಪಟ್ಟಿಗಳಲ್ಲೇ ನಡೆಯಲಿದೆ ಎಂದು ಅದೇ ಬಸ್ಸಿನಲ್ಲಿ ಬಂದ ಆದೇಶವನ್ನು ಅವರು ಬಾಗಿಲಿಗೇ ಅಂಟಿಸಿದರು. ಆಮೇಲೆ ಎರಡೂ ಬಾಗಿಲು ತೆಗೆದು, "ಯಾರಿಗೆ ಬೇಕೋ ಬಂದು ನೋಡಿ," ಎಂದರು.

ಸಂತೆಗೆ ಬಂದವರೆಲ್ಲ ಸಾಲು ನಿಂತರು. ಒಬ್ಬ ಉಪ್ಪಿನ ಹರಳು ತಂದ, ಒಬ್ಬಳು ಸೀರೆಯ ಎಳೆ ತಂದಳು, ಕುರುಬರ ಅಜ್ಜ ಉಣ್ಣೆ ತಂದ. ನಾವು ಹದಿನೇಳು ಮಂದಿ ಹನಿ ಇಡುತ್ತಾ, ತಿರುಪು ತಿರುಗಿಸುತ್ತಾ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾ ಗಂಟಲು ಒಣಗಿಸಿಕೊಂಡೆವು. ನನ್ನ ಸಾಲಿಗೆ ಹೂ ಮಾರುವ ಪುಟ್ಟತಾಯಮ್ಮ ಬಂದಳು. ಮಾರದೆ ಉಳಿದಿದ್ದ ಮಲ್ಲಿಗೆಯ ಒಂದು ಎಸಳನ್ನು ನನ್ನ ಅಂಗೈಗೆ ಹಾಕಿದಳು. ಅದರ ಪೊರೆ ಬಿಡಿಸಿ ಹಚ್ಚಿಕೊಟ್ಟೆ. ಅವಳು ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನೋಡಿದಳು. ಹಿಂದಿನವರು "ಬೇಗ ನೋಡವ್ವ," ಎಂದು ಗಲಾಟೆ ಮಾಡಿದರೂ ಅಲುಗಲಿಲ್ಲ.

"ಅಯ್ಯಯ್ಯೋ, ನೋಡ್ರವ್ವ, ಒಂದರ ಪಕ್ಕ ಒಂದು, ದಾರನೇ ಇಲ್ದೆ ಹೆಂಗೆ ಕಟ್ಟವ್ನೆ!" ಎಂದಳು. "ಯಾರು ಮಗಾ ಕಟ್ಟಿರೋದು ಇದನ್ನ?"

"ಗಿಡ ತಾನೇ ಕಟ್ಟಿಕೊಳ್ಳುತ್ತೆ ಅಜ್ಜಿ. ಹೇಗೆ ಅಂತ ಹೇಳ್ತೀನಿ, ಕೂತ್ಕೋ," ಎಂದು ಅವಳಿಗೆ ಸ್ಟೂಲು ಎಳೆದುಕೊಟ್ಟು, ಹಿಂದಿನ ಸಾಲಿಗೂ ಕೇಳಿಸುವ ಹಾಗೆ ದನಿಯೆತ್ತಿ, ನನ್ನ ಮೊದಲನೆಯ ಪಾಠ ಶುರುಮಾಡಿದೆ.